ಓದುವವಳ ಸ್ಟೂಲು

ಜುಲೈ 4

ಅಮ್ಮಾ,

ನಾನು ಚೆನ್ನಾಗಿದ್ದೇನೆ. ನಿನ್ನ ಬೆನ್ನುನೋವು ಹೇಗಿದೆ? ಆಸ್ಪತ್ರೆಯ ಬಟ್ಟೆಕೋಣೆಗೆ ಹೊಸ ಹೊಲಿಗೆ ಯಂತ್ರ ಬಂತಾ, ಇಲ್ಲ ಇನ್ನೂ ಆ ಕಿರುಗುಟ್ಟುವ ಹಳೆಯದರಲ್ಲೇ ಹರಿದ ಬೆಡ್‌ಶೀಟುಗಳನ್ನು ಹೊಲಿಯುತ್ತಿದ್ದೀಯಾ? ಅಪ್ಪನಿಗೆ ಈ ವಾರವೂ ದೂರದ ಬಸ್ಸಿನ ಡ್ಯೂಟಿಯೇ?

ಒಂದು ಸುದ್ದಿ ಇದೆ. ಇಲ್ಲಿನ ವಾಚನಾಲಯದವರು ವಿದ್ಯಾರ್ಥಿಗಳಿಗೆ ಪ್ರಬಂಧ ಸ್ಪರ್ಧೆ ಇಟ್ಟಿದ್ದಾರೆ. ವಿಷಯ, 'ನಮ್ಮ ಊರಿನಲ್ಲಿ ಸ್ವಾತಂತ್ರ್ಯದ ಬೇರುಗಳು'. ದೊಡ್ಡ ದೊಡ್ಡ ನಾಯಕರ ಬಗ್ಗೆ ಬರೆಯುವ ಹಾಗಿಲ್ಲ. ಈ ಊರಿನಲ್ಲೇ ನಡೆದಿದ್ದು, ಬದುಕಿರುವವರ ಬಾಯಿಂದ ಕೇಳಿದ್ದು ಆಗಿರಬೇಕು. ಗೆದ್ದವರು ಅದನ್ನು ಸಭೆಯಲ್ಲಿ ಓದಬೇಕು. ಯಾರ ಕಥೆಯೋ ಅವರನ್ನೂ ವೇದಿಕೆಗೆ ಕರೆಯುತ್ತಾರೆ.

ನಾನು ಚಿಕ್ಕಮ್ಮನ ಬಗ್ಗೆ ಬರೆಯುತ್ತಿದ್ದೇನೆ! ಎರಡು ವರ್ಷದಿಂದ ಅವಳ ಮನೆಯಲ್ಲಿದ್ದೂ ನನಗೆ ಇದೆಲ್ಲ ಗೊತ್ತಿರಲಿಲ್ಲ. ಅಂಗಿಗಳಿಗೆ ಕಾಜಾ ಮಾಡಿ ಗುಂಡಿ ಹೊಲಿಯುವ ಹಾಲ್ ಇತ್ತಂತೆ. ನಲವತ್ತು ಹೆಂಗಸರು ಚಾಪೆಯ ಮೇಲೆ ಕೂತು ಹೊಲಿಯುತ್ತಿದ್ದರಂತೆ, ಚಿಕ್ಕಮ್ಮ ನಡುವೆ ಸ್ಟೂಲಿನ ಮೇಲೆ ಕೂತು ಅವರಿಗೆಲ್ಲ ಪೇಪರ್ ಓದಿ ಹೇಳುತ್ತಿದ್ದಳಂತೆ. ಒಂದು ದಿನ ಯಜಮಾನ ಓದಬೇಡ ಅಂದಿದ್ದನ್ನು ಓದಿದಳು, ಹೊರಗೆ ಹಾಕಿದರು. ಚಿಕ್ಕಮ್ಮ ಇದನ್ನೆಲ್ಲ ಹೇಳಿದಳು, ನಾನು ಆ ರಾತ್ರಿಯೇ ಬರೆಯಲು ಕೂತೆ.

ನೀನೂ ಅದೇ ಹಾಲ್‌ನಲ್ಲಿ ಇದ್ದೆಯಂತಲ್ಲ. ಸಣ್ಣಪುಟ್ಟ ವಿವರ ಏನಾದರೂ ನೆನಪಿದ್ದರೆ ಬರೆ. ಕಿಟಕಿ ಎಷ್ಟಿತ್ತು, ಗೋಡೆಯ ಬಣ್ಣ ಯಾವುದು, ಅಂಥದ್ದು.

ನಿನ್ನ ಮಗಳು

ಇನ್ನೊಂದು ಮಾತು. ಚಿಕ್ಕಮ್ಮ ನನ್ನ ಕೂದಲನ್ನು ಹೆಗಲವರೆಗೆ ಕತ್ತರಿಸಿದ್ದಾಳೆ. ಎಲ್ಲರೂ ಚೆನ್ನಾಗಿದೆ ಅನ್ನುತ್ತಿದ್ದಾರೆ.

*

ಜುಲೈ 9

ಮಗಳೇ,

ಗೋಡೆಯ ಬಣ್ಣ ತಿಳಿನೀಲಿ. ಕಿಟಕಿ ಆರು. ಸಾಕೇ?

ನಿನ್ನ ಪತ್ರ ಓದಿದ ಮೇಲೆ ಒಂದು ಇಡೀ ಬೆಡ್‌ಶೀಟಿನ ಅಂಚನ್ನು ತಿರುಗುಮುರುಗಾಗಿ ಹೊಲಿದೆ. ಬಿಚ್ಚಿ ಮತ್ತೆ ಹೊಲಿಯಬೇಕಾಯಿತು. ವಾರ್ಡಿನ ನರ್ಸು ಬಂದು, "ಏನಮ್ಮಾ, ಇವತ್ತು ಬಟ್ಟೆ ಮೇಲೆ ಯಾಕಿಷ್ಟು ಸಿಟ್ಟು?" ಎಂದಳು. ಬಟ್ಟೆಯ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ.

ಇದ್ದೆಯಂತಲ್ಲ! ನಾನು ಆ ಹಾಲ್ ಸೇರಿದಾಗ ನಿನ್ನ ಚಿಕ್ಕಮ್ಮ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಳು. ಮನೆಯಲ್ಲಿ ಒಬ್ಬರು ದುಡಿಯಬೇಕು, ಒಬ್ಬರು ಓದಬಹುದು ಎಂದಾದಾಗ ದೊಡ್ಡವಳು ಸೂಜಿ ಹಿಡಿದಳು, ಚಿಕ್ಕವಳು ಪುಸ್ತಕ ಹಿಡಿದಳು. ಆಮೇಲೆ ಅವಳಿಗೆ ಅಲ್ಲಿ ಕೆಲಸ ಕೊಡಿಸಿದ್ದೂ ನಾನೇ. ಇದು ದೂರಲ್ಲ, ವಿವರ. ನೀನು ವಿವರ ಕೇಳಿದ್ದೀಯಲ್ಲ.

ಇನ್ನೂ ಒಂದು ವಿವರ ಕೊಡುತ್ತೇನೆ. ಅವಳು ಪುಟ ತಿರುವುತ್ತಿದ್ದಾಗ ಅವಳ ಪಾಲಿನ ಅಂಗಿಗಳಿಗೆ ಗುಂಡಿ ಹೊಲಿದವರು ಯಾರು ಎಂದು ಅವಳನ್ನು ಕೇಳು. ಹಾಲ್‌ನಲ್ಲಿ ಒಂದು ರೂಢಿ ಇತ್ತು. ಓದುವವಳು ಹೊಲಿಯುವುದಿಲ್ಲ, ಅವಳ ಪಾಲನ್ನು ಕೇಳುವವರೆಲ್ಲ ಹಂಚಿಕೊಳ್ಳಬೇಕು. ಹೇಳುವುದಕ್ಕೆ ಎಲ್ಲರೂ. ಸಂಜೆಯಾಗುತ್ತಲೇ ಒಬ್ಬೊಬ್ಬರಾಗಿ, "ನಿನ್ ತಂಗಿ ತಾನೇ, ನೀನೇ ಮುಗಿಸ್ಬಿಡು" ಎಂದು ಅಂಗಿಗಳನ್ನು ನನ್ನ ಬುಟ್ಟಿಗೆ ಹಾಕಿ ಮನೆಗೆ ಹೋಗುತ್ತಿದ್ದರು. ಅವಳನ್ನು ಎಲ್ಲರೂ ರೇಡಿಯೋ ಎಂದು ಕರೆಯುತ್ತಿದ್ದರು. ನನಗೂ ಒಂದು ಅಡ್ಡಹೆಸರಿತ್ತು. 'ರೇಡಿಯೋನ ಅಕ್ಕ'.

ಇದನ್ನೆಲ್ಲ ಬರೆ ಎಂದು ನಾನು ಹೇಳುವುದಿಲ್ಲ. ವೇದಿಕೆ ಹತ್ತುವ ಆಸೆ ನನಗಿಲ್ಲ. ಹತ್ತಿದರೂ ಉಡಲು ನನ್ನ ಹತ್ತಿರ ಒಳ್ಳೆಯ ಸೀರೆ ಇಲ್ಲ. ಒಂದು ಇದೆ, ನೀಲಿಯದು, ಆದರೂ.

ಮೊದಲು 'ಚಿಕ್ಕಮ್ಮ ಹೇಳಿದರು' ಎಂದು ಬರೆಯುತ್ತಿದ್ದೆ. ಈಗ 'ಹೇಳಿದಳು'. ಅಷ್ಟು ಸಲಿಗೆ ಯಾವಾಗ ಬಂತು? ನಿಮ್ಮಪ್ಪ ಹೋಗಿ ಮಾತಾಡಿ ನಿನ್ನನ್ನು ಅಲ್ಲಿ ಬಿಟ್ಟು ಬಂದಾಗ, ಒಳ್ಳೆಯ ಕಾಲೇಜು ಅಲ್ಲಿದೆ ಎಂದು ತುಟಿ ಕಚ್ಚಿಕೊಂಡು ಒಪ್ಪಿದೆ. ಅವಳು ನನ್ನೊಡನೆ ಮಾತು ಬಿಟ್ಟು ನಿನ್ನ ವಯಸ್ಸಿಗಿಂತ ಹೆಚ್ಚು ವರ್ಷಗಳಾಗಿವೆ. ಮತ್ತೆ ಆ ಕೂದಲು. ಅದಕ್ಕೆ ಅಷ್ಟು ವರ್ಷ ಎಣ್ಣೆ ತಿಕ್ಕಿದ ಕೈ ಇನ್ನೂ ಇದೆ. ಕತ್ತರಿ ಹಾಕುವ ಮೊದಲು ಒಂದು ಮಾತು ಕೇಳಬಹುದಿತ್ತು.

ನಿನ್ನನ್ನು ಹೆತ್ತವಳು (ನೆನಪಿರಲಿ)

*

ಜುಲೈ 9

ರೇಡಿಯೋಗೆ,

ನಿನ್ನ ಕ್ಷೇಮ ಸಮಾಚಾರ ಮಗಳ ಪತ್ರದಲ್ಲಿ ಬೇಡವೆಂದರೂ ಬರುತ್ತದೆ. ಆದ್ದರಿಂದ ಕೇಳುವುದಿಲ್ಲ.

ಪ್ರಬಂಧದ ವಿಷಯ ತಿಳಿಯಿತು. ಹೇಳುವುದಾದರೆ ಅವಳಿಗೆ ಪೂರ್ತಿ ಹೇಳು. ನಿನ್ನ ಪಾಲಿನ ಗುಂಡಿಗಳು ತಾವಾಗಿಯೇ ಹಾರಿ ಅಂಗಿಗಳ ಮೇಲೆ ಕೂತವೇ? ಸ್ವಾತಂತ್ರ್ಯದ ಬೇರು ಅಂತೆ! ಬೇರಿಗೆ ನೀರು ಹಾಕಿದವರ ಬೆನ್ನು ಇವತ್ತಿಗೂ ನೋಯುತ್ತಿದೆ.

ಮಗಳನ್ನು ನಿನ್ನ ಮನೆಯಲ್ಲಿ ಬಿಟ್ಟಿರುವುದು ಕಾಲೇಜಿಗೆ ಹತ್ತಿರ ಎಂದು. ನಿನಗೊಬ್ಬಳು ಮಗಳಾಗಲಿ ಎಂದಲ್ಲ.

ಕೊನೆಯ ಸಾಲನ್ನು ಹೊಡೆದುಹಾಕೋಣ ಎಂದುಕೊಂಡೆ. ಬೇಡ, ಇರಲಿ.

ನಿನ್ನ ಅಕ್ಕ

*

ಜುಲೈ 21

ಅಕ್ಕಾ,

ಪತ್ರ ತಲುಪಿತು. ನಿನ್ನ ಕೈಬರಹದಲ್ಲಿ ನನ್ನ ಹೆಸರನ್ನು, ಅಂದರೆ ಅಡ್ಡಹೆಸರನ್ನು, ನೋಡಿದ್ದು ಇದೇ ಮೊದಲು. ಅಕ್ಷರ ದುಂಡಗಿದೆ. ಮೂರು ಕಡೆ ಕಾಗುಣಿತ ತಪ್ಪಿತ್ತು, ತಿದ್ದಿದ್ದೇನೆ. ದಿನವಿಡೀ ಪ್ರೆಸ್ಸಿನಲ್ಲಿ ಕೂತು ಪ್ರೂಫ್ ನೋಡುವವಳ ಕೈ ಸುಮ್ಮನಿರುವುದಿಲ್ಲ.

ಗುಂಡಿಗಳ ವಿಷಯ ನಿನ್ನ ಮಗಳಿಗೆ ಮೊದಲೇ ಹೇಳಿದ್ದೇನೆ. ಅವಳು ಒಂದು ಸಾಲು ಬರೆದಿದ್ದಾಳೆ. 'ಇತರ ಹೆಂಗಸರು ಪ್ರೀತಿಯಿಂದ ಅವರ ಪಾಲಿನ ಕೆಲಸವನ್ನು ಹಂಚಿಕೊಂಡರು.' ನೀನು ಆ ಇತರ ಹೆಂಗಸರಲ್ಲಿ ಇದ್ದೀಯ. ಇನ್ನೂ ಹೆಚ್ಚು ಬೇಕಿದ್ದರೆ ಅವಳನ್ನೇ ಕೇಳು.

ಪೂರ್ತಿ ಹೇಳು ಎಂದಿದ್ದೀಯ. ಪೂರ್ತಿ ಹೇಳಿದರೆ ನಿನಗೇ ಕಷ್ಟ ಎಂದು ಅರ್ಧಕ್ಕೆ ನಿಲ್ಲಿಸಿದ್ದೆ. ನನ್ನನ್ನು ಮೆಟ್ಟಿಲಿಳಿಸಿದ್ದು ಮಂಗಳವಾರ. ಬುಧವಾರ ನಾನು ಮನೆಯಲ್ಲಿ ಕೂತು, ಸಂಜೆ ಅಕ್ಕ ಬಂದು ಏನಾದರೂ ಹೇಳುತ್ತಾಳೆ ಎಂದು ಕಾಯುತ್ತಿದ್ದೆ. ನಡುಹಗಲಿಗೇ ಮೂಲೆಯಂಗಡಿಯವಳು ಬಂದಳು. "ನಿಮ್ಮಕ್ಕ ನಿಮ್ ಸ್ಟೂಲ್ ಮೇಲೆ ಕೂತಿದ್ರು ಕಣಮ್ಮ, ಪೇಪರ್ ಹಿಡ್ಕೊಂಡು. ಕಿಟಕೀಲಿ ನಾನೇ ನೋಡ್ದೆ." ಅಕ್ಷರ ಬಾರದವಳು ಪೇಪರ್ ಹಿಡಿದು ಕೂತಿದ್ದಾಳೆ ಎಂದರೆ ಏನರ್ಥ? ಯಜಮಾನನೇ ಕೂರಿಸಿದ್ದಾನೆ, ನನ್ನ ಜಾಗ ತುಂಬಿತು ಎಂದು ತೋರಿಸಲು ಒಂದು ಗೊಂಬೆ ಬೇಕಿತ್ತು, ನೀನು ಒಪ್ಪಿಕೊಂಡೆ. ಒಂದು ದಿನ, ಅಕ್ಕಾ. ಒಂದೇ ಒಂದು ದಿನ ಆ ಸ್ಟೂಲನ್ನು ಖಾಲಿ ಬಿಡಲು ನಿನ್ನಿಂದ ಆಗಲಿಲ್ಲ. ಆಮೇಲೆ ಯಾರಾದರೂ ಆ ಹಾಲಿನ ಮಾತೆತ್ತಿದರೆ ನಾನು ಎದ್ದು ಹೋಗುತ್ತಿದ್ದೆ.

ಮಗಳಾಗಲಿ ಎಂದಲ್ಲ ಎಂಬ ಸಾಲನ್ನು ಎರಡು ಸಲ ಓದಿದೆ. ಅದರಲ್ಲಿ ಕಾಗುಣಿತ ಸರಿಯಾಗಿತ್ತು.

ನಿನ್ನ ತಂಗಿ

*

ಆಗಸ್ಟ್ 2

ಅಮ್ಮಾ,

ನಿಮ್ಮಿಬ್ಬರ ನಡುವೆ ನಾನು ಅಂಚೆ ಡಬ್ಬಿಯಾಗಿದ್ದೇನೆ. ಚಿಕ್ಕಮ್ಮ ನಿನ್ನ ಪತ್ರ ಓದಿ ಮುಖ ಊದಿಸಿಕೊಂಡು ಎರಡು ದಿನ ಕಿಟಕಿಯ ಗಾಜು ಒರೆಸಿದಳು. ಒರೆಸಿದರು. (ಸಲಿಗೆ ತಾನಾಗಿಯೇ ಬಂತು ಅಮ್ಮಾ, ನಾನೇನು ಮಾಡಲಿ?) ಒತ್ತಾಯ ಮಾಡಿದ ಮೇಲೆ ಬುಧವಾರದ ವಿಷಯ ಹೇಳಿದರು. ಹೇಳಿ, "ನಿಮ್ಮಮ್ಮನ್ನ ಇದನ್ನ ಕೇಳ್ಬೇಡ" ಎಂದರು.

ಕೇಳದೆ ಇರುವುದು ಹೇಗೆ? ಇತಿಹಾಸದ ಮೇಡಂ ನನ್ನ ಕರಡು ಓದಿ ಕೊನೆಯ ಪುಟದ ಅಂಚಿನಲ್ಲಿ ಒಂದೇ ಪ್ರಶ್ನೆ ಬರೆದಿದ್ದಾರೆ. 'ಓದುವವಳನ್ನು ಹೊರಗೆ ಹಾಕಿದರು, ಸರಿ. ಮಾರನೆಯ ದಿನ ಏನಾಯಿತು?' ಆ ಹಾಲ್‌ನಲ್ಲಿ ಓದುವುದು ನಿಲ್ಲಲಿಲ್ಲವಂತೆ, ಅವರು ಓದಿದ ಪ್ರಕಟಣೆಯಲ್ಲಿದ್ದ ಊಟದ ಬಿಡುವೂ ಸಿಕ್ಕಿತಂತೆ. ಹೇಗೆ ಎಂದು ಚಿಕ್ಕಮ್ಮನಿಗೆ ಗೊತ್ತಿಲ್ಲ. ನನಗೆ ಪರಿಚಯವಿರುವವರಲ್ಲಿ ಅದು ಗೊತ್ತಿರುವವಳು ನೀನೊಬ್ಬಳೇ.

ತಿಂಗಳ ಕೊನೆಗೆ ಪ್ರಬಂಧ ಕೊಡಬೇಕು. ನಮ್ಮ ತರಗತಿಯ ಮುಂದಿನ ಬೆಂಚಿನವಳು ಆಗಲೇ ಬರೆದು ಮುಗಿಸಿ ಸುಂದರವಾದ ಹೊದಿಕೆ ಹಾಕಿದ್ದಾಳೆ.

ಅಮ್ಮಾ, ನೀನು ಆ ಬುಧವಾರ ಯಾಕೆ ಕೂತೆ?

ನಿನ್ನ ಮಗಳು

*

ಆಗಸ್ಟ್ 8

ಮಗಳೇ,

ಕೂರಬೇಕು ಅನ್ನಿಸಿತು, ಕೂತೆ. ತುಂಬ ದಿನದಿಂದ ಅನ್ನಿಸುತ್ತಿತ್ತು.

ನಾವೆಲ್ಲ ಚಾಪೆಯ ಮೇಲೆ ತಲೆ ಬಗ್ಗಿಸಿ ಕೂರುತ್ತಿದ್ದೆವು, ಕತ್ತು ಕಲ್ಲಾಗುವವರೆಗೆ. ಅವಳು ನಡುವೆ, ಎತ್ತರದಲ್ಲಿ, ಬೆನ್ನು ನೆಟ್ಟಗೆ. ಅವಳ ಬೆರಳಿಗೆ ಒಂದು ದಿನವೂ ಸೂಜಿ ಚುಚ್ಚಲಿಲ್ಲ. ಅವಳು ಕೆಮ್ಮಿದರೆ ಯಾರೋ ಎದ್ದು ನೀರು ತರುತ್ತಿದ್ದರು. ನಾನು ಕೆಮ್ಮಿದರೆ, "ಶ್, ಕೇಳಿಸ್ತಿಲ್ಲ" ಎನ್ನುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಇದನ್ನು ಸುತ್ತಿಬಳಸಿ ಹೇಳಲು ನನಗೆ ಬರುವುದಿಲ್ಲ. ಸ್ವಂತ ತಂಗಿಯ ಮೇಲೆ, ದಿನಾ, ಬೆಳಗಿನಿಂದ ಸಂಜೆಯವರೆಗೆ, ಅವಳ ಪಾಲಿನ ಗುಂಡಿಗಳನ್ನು ಹೊಲಿಯುತ್ತಲೇ ಹೊಟ್ಟೆಕಿಚ್ಚುಪಡುತ್ತಿದ್ದೆ.

ಅದಕ್ಕೇ ಅಕ್ಷರ ಕಲಿತೆ. ಅವಳನ್ನು ಕೇಳಬಹುದಿತ್ತು. ಪ್ರಾಣ ಹೋದರೂ ಕೇಳುತ್ತಿರಲಿಲ್ಲ. ಗುಂಡಿಯ ಡಬ್ಬಿಗಳ ಮೇಲೆ, ದಾರದ ಉಂಡೆಯ ಚೀಟಿಯ ಮೇಲೆ, ಅಂಗಡಿಗಳ ಬೋರ್ಡಿನ ಮೇಲೆ, ಒಂದು ಸಾಲು ಬರಹ ಎಲ್ಲಿ ಕಂಡರೂ ನಿಂತು ಕೂಡಿಸಿ ಕೂಡಿಸಿ ಓದುತ್ತಿದ್ದೆ. ನಿಮ್ಮಪ್ಪನನ್ನು ನೋಡಿದ್ದೂ ಹಾಗೆಯೇ. ನಾನು ಬಸ್ಸಿನ ಬೋರ್ಡು ಓದಿ ಮುಗಿಸುವಷ್ಟರಲ್ಲಿ ಬಸ್ಸು ಹೊರಟುಹೋಗುತ್ತಿತ್ತು. ಒಂದು ದಿನ ಡ್ರೈವರ್ ಕಾದರು.

ಇನ್ನು ಆ ಮಂಗಳವಾರ. ದಿನವಿಡೀ ದುಡಿಯುವವರಿಗೆ ಮಧ್ಯಾಹ್ನ ಊಟದ ಬಿಡುವು ಕೊಡಲೇಬೇಕು ಎಂದು ಸರ್ಕಾರ ಪ್ರಕಟಣೆ ಹಾಕಿತ್ತು. ನಿನ್ನ ಚಿಕ್ಕಮ್ಮ ಅದನ್ನು ಓದಿದಳು. ಯಜಮಾನ ಬಂದು, "ಕಥೆ ಓದಿ, ಅಡುಗೆ ಪುಟ ಓದಿ, ಬೇಡ ಅನ್ನಲ್ಲ. ಕಾಯ್ದೆ ಗೀಯ್ದೆ ನನ್ ಹಾಲಲ್ಲಿ ಬೇಡ" ಎಂದ. ಅವಳು ಕನ್ನಡಕ ಸರಿಮಾಡಿಕೊಂಡು ಅದನ್ನೇ ಮತ್ತೊಂದು ಸಲ ಮೊದಲಿಂದ ಓದಿದಳು. ಮೇಸ್ತ್ರಿ ಅವಳ ತೋಳು ಹಿಡಿದು ಮೆಟ್ಟಿಲಿಳಿಸಿದ. ಅವಳ ಧೈರ್ಯವನ್ನು ನಾನು ಇಲ್ಲವೆನ್ನುವುದಿಲ್ಲ. ಅದಕ್ಕೂ ಸೇರಿಸಿ ಹೊಟ್ಟೆ ಉರಿಯಿತು.

ಬುಧವಾರ ಸ್ಟೂಲು ಖಾಲಿ. ಎಲ್ಲರ ಕಣ್ಣೂ ಅದರ ಮೇಲೆಯೇ. ಪಾಪ, ಅವಳನ್ನು ನೆನೆಯುತ್ತಿದ್ದಾರೆ ಎಂದುಕೊಂಡೆ. ನನ್ನ ಊಟದ ಚೀಲದಲ್ಲಿ ಹಿಂದಿನ ದಿನದ ಅದೇ ಪೇಪರ್ ಇತ್ತು. ಎದ್ದೆ, ಹೋಗಿ ಕೂತೆ, ಬಿಡಿಸಿದೆ. ಮೇಲಿನಿಂದ ನೋಡಿದರೆ ಹಾಲ್ ಎಷ್ಟು ಚೆನ್ನಾಗಿ ಕಾಣುತ್ತದೆ ಗೊತ್ತಾ! ಓದಲು ಶುರುಮಾಡಿದೆ. 'ದಿನವಿಡೀ ದುಡಿಯುವ ಕೆಲಸಗಾರರಿಗೆ.' ನೇರ ಮುಂದಕ್ಕೆ ಹೋದೆ. 'ಒಂದು ಕೊಂಬು ಮುರಿದ ಕಪ್ಪು ಹಸು.' ಕೆಳಗಿನ ಸಾಲು. 'ಮಧ್ಯಾಹ್ನ ಊಟದ ಬಿಡುವು. ಹುಡುಕಿಕೊಟ್ಟವರಿಗೆ ಸೂಕ್ತ ಬಹುಮಾನ.' ಅದರ ಕೆಳಗೆ, 'ಕೊಡದ ಮಾಲೀಕರಿಗೆ ಹಾಯುವ ಅಭ್ಯಾಸವಿದೆ.'

ಯಾಕೆ ನಗುತ್ತಿದ್ದೀಯ? ನಾನು ಕಲಿತದ್ದೆಲ್ಲ ಒಂದೊಂದೇ ಸಾಲಿನ ಬರಹದಿಂದ. ಪೇಪರನ್ನು ಕಾಲಂ ಕಾಲಂ ಆಗಿ ಮೇಲಿನಿಂದ ಕೆಳಕ್ಕೆ ಓದಬೇಕು ಎಂದು ಬಸ್ಸಿನ ಬೋರ್ಡು ಕಲಿಸಿಕೊಡುವುದಿಲ್ಲ. ನಾನು ಈ ಅಂಚಿನಿಂದ ಆ ಅಂಚಿಗೆ ಓದುತ್ತಿದ್ದೆ, ಪಕ್ಕದ ಕಾಲಂನಲ್ಲಿ ಕಳೆದುಹೋದ ಹಸುವಿನ ಜಾಹೀರಾತಿತ್ತು.

ಆಗ ಸ್ಟೂಲಿನ ಹತ್ತಿರದ ಚಾಪೆಯಲ್ಲಿ ಕೂತು ಎಡಗೈಯಲ್ಲಿ ಹೊಲಿಯುತ್ತಿದ್ದವಳು ಕತ್ತು ಚಾಚಿ ಪೇಪರ್ ನೋಡಿ, "ಅಡ್ಡ ಹೋಗ್ಬೇಡ ಕಣೇ, ಕೆಳಗೆ ಹೋಗು. ಹಸು ಬೇರೆ ಕಾಲಂ" ಎಂದಳು.

ನಾನು, "ನಿಂಗೆ ಹೇಗೆ ಗೊತ್ತು?" ಎಂದೆ. ಅವಳು ಹೆಬ್ಬೆಟ್ಟು ಒತ್ತಿ ಸಂಬಳ ತೆಗೆದುಕೊಳ್ಳುತ್ತಿದ್ದವಳು. ಮುಖ ಕೆಂಪಾಯಿತು. "ಮಗನ ಪುಸ್ತಕ ನೋಡಿ ಕಲ್ತೆ," ಎಂದಳು. "ಯಾಕೆ?" "ಅವಳೊಬ್ಬಳೇ ಯಾಕ್ ಮೇಲೆ ಕೂರ್ಬೇಕು ಅನ್ಸ್ತಿತ್ತು, ಅದಕ್ಕೆ." ಹಿಂದಿನ ಚಾಪೆಯಿಂದ ಇನ್ನೊಬ್ಬಳು, "ನಂಗೂ" ಎಂದಳು. ಅವಳು ಸಿನಿಮಾ ಪೋಸ್ಟರ್ ನೋಡಿ ಕಲಿತಿದ್ದಳು. ಮತ್ತೊಬ್ಬಳು ಅತ್ತೆಯ ಔಷಧಿ ಸೀಸೆಗಳಿಂದ. ನೋಡಿದರೆ ಅರ್ಧ ಹಾಲ್ ಕದ್ದು ಓದು ಕಲಿತಿದೆ! ಒಬ್ಬಳಿಗೂ ಇನ್ನೊಬ್ಬಳ ವಿಷಯ ಗೊತ್ತಿಲ್ಲ, ಎಲ್ಲರ ಕಣ್ಣೂ ಆ ಸ್ಟೂಲಿನ ಮೇಲೆ.

ಅಷ್ಟರಲ್ಲಿ ಮೇಸ್ತ್ರಿ ಬಂದು ನನ್ನನ್ನು ಕೆಳಗಿಳಿಸಿದ. ಎಡಗೈಯವಳು ಎದ್ದು ಕೂತಳು. ನನಗಾಗಿ ಅಲ್ಲ, ನಿನ್ನ ಚಿಕ್ಕಮ್ಮನಿಗಾಗಿಯೂ ಅಲ್ಲ. "ಇವಳಿಗಿಂತ ನಾನ್ ಚೆನ್ನಾಗಿ ಓದ್ತೀನಿ" ಎಂದು ಹೇಳಿಯೇ ಕೂತಳು. ಅವಳನ್ನು ಇಳಿಸಿದ, ಪೋಸ್ಟರಿನವಳು ಕೂತಳು. ಹೀಗೆ ಒಬ್ಬಳಾದ ಮೇಲೆ ಒಬ್ಬಳು, ಹಿಂದಿನವಳ ತಪ್ಪು ಎತ್ತಿ ತೋರಿಸುತ್ತ. ಒಬ್ಬಳನ್ನು ಹೊರಗೆ ಹಾಕಬಹುದು. ಅರ್ಧ ಹಾಲನ್ನು ಹಾಕಿದರೆ ಅಂಗಿಗಳಿಗೆ ಗುಂಡಿ ಯಾರು ಹೊಲಿಯಬೇಕು? ಸಾಯಂಕಾಲ ಯಜಮಾನ ಬಾಗಿಲಲ್ಲಿ ನಿಂತು ಆ ಪ್ರಕಟಣೆಯನ್ನು ಪೂರ್ತಿ ಕೇಳಿಸಿಕೊಂಡು, "ಓದ್ಕೊಂಡು ಸಾಯಿರಿ" ಎಂದು ಹೋದ. ಮುಂದಿನ ತಿಂಗಳು ಊಟದ ಬಿಡುವು ಬಂತು.

ಇದನ್ನೆಲ್ಲ ಹೇಳಲು ಮನೆಗೆ ಓಡಿಬಂದೆ. ನಿನ್ನ ಚಿಕ್ಕಮ್ಮನೂ ಇರಲಿಲ್ಲ, ಅವಳ ಬಟ್ಟೆಯ ಪೆಟ್ಟಿಗೆಯೂ ಇರಲಿಲ್ಲ. ಒಂದು ಚೀಟಿಯನ್ನೂ ಬರೆದಿಟ್ಟಿರಲಿಲ್ಲ. ಬರೆದಿಟ್ಟರೂ ಅಕ್ಕನಿಗೆ ಓದಲು ಬರುವುದಿಲ್ಲ ಎಂದುಕೊಂಡಳೋ ಏನೋ. ಆಮೇಲೆ ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ಇದರಲ್ಲಿ ಒಂದಕ್ಷರವನ್ನೂ ಬರೆಯಬೇಡ. ಪ್ರಬಂಧದಲ್ಲಿ ನಾನಿರಬೇಕು ಎಂದು ನನಗಿತ್ತು, ನಿಜ. ಹಸುವಿನ ಜೊತೆ ಇರಬೇಕು ಎಂದಿರಲಿಲ್ಲ.

ನಿನ್ನ ಅಮ್ಮ

*

ಆಗಸ್ಟ್ 15

ಅಕ್ಕಾ,

ನೀನು ಮಗಳಿಗೆ ಬರೆದದ್ದನ್ನು ಅವಳು ನನಗೆ ಓದಿ ಹೇಳಿದಳು. ನಾನು ಅಡುಗೆಮನೆಯಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದೆ. ಹಸು ಬಂದಾಗ ಕಾಳೆಲ್ಲ ನೆಲದ ಪಾಲಾಗುವಷ್ಟು ನಕ್ಕೆ. ಪೆಟ್ಟಿಗೆ ಬಂದಾಗ ಅವಳು ಓದುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಮುಂದೆ ಓದು ಎಂದೆ.

ನೀನು ಮದುವೆಯಾದ ಮೇಲೆ ಭಾವ ಓದು ಕಲಿಸಿದರು ಎಂದುಕೊಂಡಿದ್ದೆ. ಒಂದೇ ಚಾಪೆಯಲ್ಲಿ ಮಲಗುತ್ತಿದ್ದ ಅಕ್ಕ ಅಕ್ಷರ ಕಲಿಯುತ್ತಿದ್ದಾಳೆ ಎಂದು ನನಗೆ ತಿಳಿಯಲಿಲ್ಲವಲ್ಲ. ಚೀಟಿ ಬರೆದಿಡಬೇಕಿತ್ತು. ಬರೆಯಲು ಕೂತಿದ್ದೆ ಕೂಡ. ನೀನು ಅಂದುಕೊಂಡದ್ದೇ ಸರಿ.

ಈಗ ನನಗೆ ಎಷ್ಟು ಹೊಟ್ಟೆಕಿಚ್ಚಾಗುತ್ತಿದೆ ಗೊತ್ತಾ? ವರ್ಷಗಟ್ಟಲೆ ಗಂಟಲು ಹರಿದುಕೊಂಡವಳು ನಾನು, ಆ ಹಾಲ್ ಬಾಯಿಬಿಟ್ಟ ದಿನ ನಾನೇ ಅಲ್ಲಿರಲಿಲ್ಲ. ನೀನಿದ್ದೆ. ಎಲ್ಲರೂ ನನ್ನನ್ನು ಕೇಳುತ್ತಿದ್ದಾರೆ ಎಂದು ನಂಬಿದ್ದೆ, ನೋಡಿದರೆ ಎಲ್ಲರೂ ನನ್ನ ಜಾಗ ಅಳೆಯುತ್ತಿದ್ದಿರಿ! ಸ್ಟೂಲಿನ ಮೇಲೆ ಕೂತಾಗಲೂ ನನಗೆ ನಿಮ್ಮನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು. ನೀವು ಭುಜಕ್ಕೆ ಭುಜ ತಾಗಿಸಿ ಪಿಸುಗುಟ್ಟಿ ನಗುತ್ತಿದ್ದಿರಿ. ಏನು ಎಂದು ಒಂದು ದಿನವೂ ಯಾರೂ ನನಗೆ ಹೇಳಲಿಲ್ಲ. ನಡುವೆ ಕೂತವಳ ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಅವಳಿಗೆ ಬರೆಯಲು ಬಿಡು. ಹಸುವಿನೊಂದಿಗೇ ಬರೆಯಲಿ. ಹಾಗೆ ಬರೆದರೆ ಮೊದಲ ಪುಟದಲ್ಲೇ ನಾನು ಮೆಟ್ಟಿಲಿಳಿದು ಹೋಗುತ್ತೇನೆ, ಮಿಕ್ಕಿದ್ದೆಲ್ಲ ನೀನೇ. ಈ ಮಾತು ಬರೆಯಲು ನನಗೆ ಎಷ್ಟು ಹೊತ್ತು ಹಿಡಿಯಿತು ಎಂದು ನಿನಗೆ ಅರ್ಥವಾದರೆ ಸಾಕು.

ನಿನ್ನ ತಂಗಿ

*

ಆಗಸ್ಟ್ 20

ಮಗಳೇ,

ಬರೆ. ಹಸುವನ್ನು ಮಾತ್ರ ಬಿಡು.

ಲಕೋಟೆ ಅಂಟಿಸುವ ಮೊದಲು ನಿಮ್ಮಪ್ಪನಿಗೆ ಓದಿ ಹೇಳಿದೆ. "ಹಸು ಬಿಟ್ರೆ ಎಡಗೈಯವಳು ಬಾಯಿ ಬಿಡೋದು ಹೇಗೆ?" ಎಂದರು. ಅದೂ ಸರಿ. ಹಸುವನ್ನೂ ಹಾಕು. ಹೊಟ್ಟೆಕಿಚ್ಚು ಎಂದು ಬರೆಯುವುದಾದರೆ ಎಲ್ಲರಿಗೂ ಸಮನಾಗಿ ಬರೆ, ನನ್ನೊಬ್ಬಳ ತಲೆಗೆ ಕಟ್ಟಬೇಡ. ರೇಡಿಯೋಗೂ ಇತ್ತು ಎಂದು ಅವಳೇ ಒಪ್ಪಿಕೊಂಡಿದ್ದಾಳೆ, ಪತ್ರ ನನ್ನ ಹತ್ತಿರ ಭದ್ರವಾಗಿದೆ.

ನೀಲಿ ಸೀರೆಗೆ ಇಸ್ತ್ರಿ ಹಾಕಿಸಿದ್ದೇನೆ. ಹಾಗೇ, ಸುಮ್ಮನೆ.

ನಿನ್ನ ಅಮ್ಮ

*

ಅಕ್ಟೋಬರ್ 3

ಅಮ್ಮಾ,

ಬರಲಿಲ್ಲ. ಮೊದಲನೆಯದೂ ಇಲ್ಲ, ಎರಡನೆಯದೂ ಇಲ್ಲ, ಸಮಾಧಾನಕರವೂ ಇಲ್ಲ.

ಕೊಡುವ ಮೊದಲು ಮೇಡಂ ಹೇಳಿದ್ದರು, "ಹೊಟ್ಟೆಕಿಚ್ಚು ಅನ್ನೋ ಕಡೆಯೆಲ್ಲ ಸ್ಫೂರ್ತಿ ಅಂತ ಹಾಕು, ಖಂಡಿತ ಬರತ್ತೆ" ಎಂದು. ಹಾಕಿ ನೋಡಿದೆ. 'ಅವಳೊಬ್ಬಳೇ ಯಾಕೆ ಮೇಲೆ ಕೂರಬೇಕು ಎಂಬ ಸ್ಫೂರ್ತಿಯಿಂದ.' ನಗು ಬಂತು, ತೆಗೆದುಬಿಟ್ಟೆ. 'ನಮ್ಮ ಊರಿನಲ್ಲಿ ಸ್ವಾತಂತ್ರ್ಯದ ಬೇರು ಹೊಟ್ಟೆಕಿಚ್ಚು' ಎಂದೇ ಶುರುಮಾಡಿದ್ದೆ. ತೀರ್ಪುಗಾರರೊಬ್ಬರು ಅದರ ಕೆಳಗೆ ಕೆಂಪು ಗೆರೆ ಎಳೆದು, 'ಇಷ್ಟು ದೊಡ್ಡ ಮೌಲ್ಯದ ಬುಡದಲ್ಲಿ ಇಷ್ಟು ಸಣ್ಣತನವನ್ನು ಹುಡುಕಿರುವುದು ವಿಷಾದಕರ' ಎಂದು ಬರೆದಿದ್ದಾರೆ. ನೀನು ಸೀರೆಗೆ ಇಸ್ತ್ರಿ ಹಾಕಿಸಿದ್ದೆ. ಕ್ಷಮಿಸು.

ಗೆದ್ದವಳು ಮುಂದಿನ ಬೆಂಚಿನವಳು. ಅವಳ ಅಜ್ಜ ಊರಿನ ಗಡಿಯಾರ ಗೋಪುರಕ್ಕೆ ಕೀಲಿ ಕೊಡುತ್ತಿದ್ದರಂತೆ. ಸಂಜೆ ಕೆಲಸಗಾರರನ್ನು ಇನ್ನಷ್ಟು ಹೊತ್ತು ದುಡಿಸಲು ಮುಳ್ಳನ್ನು ಹಿಂದಕ್ಕೆ ತಿರುಗಿಸು ಎಂದು ಮಾಲೀಕರು ಹೇಳಿದರೆ ಒಪ್ಪಲಿಲ್ಲವಂತೆ. ಅಜ್ಜ ವೇದಿಕೆಯಲ್ಲಿ ಕೂತು ಕಣ್ಣೊರೆಸಿಕೊಂಡರು. ಚಿಕ್ಕಮ್ಮನೂ ನಾನೂ ಕೊನೆಯ ಸಾಲಿನಲ್ಲಿದ್ದೆವು.

ಅಮ್ಮಾ, ಅವಳು ಕೆಟ್ಟದಾಗಿ ಬರೆದಿದ್ದರೆ ನಾನು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಚೆನ್ನಾಗಿ ಬರೆದಿದ್ದಾಳೆ. ಒಂದು ವಾಕ್ಯವಿತ್ತು, 'ಅಜ್ಜ ಗಂಟೆ ಹೊಡೆಯಲಿಲ್ಲ, ಹೊತ್ತನ್ನು ಕಾದರು' ಎಂದು. ಅದು ನನಗೆ ಹೊಳೆಯಲಿಲ್ಲವಲ್ಲ ಎಂದು ಹೊಟ್ಟೆ ಧಗಧಗ ಉರಿಯಿತು. ಕೈ ಚಪ್ಪಾಳೆ ತಟ್ಟುತ್ತಿತ್ತು, ಕಣ್ಣು ಅವಳ ಹಾಳೆಗಳ ಮೇಲಿತ್ತು. ಬೇರೆಯವರ ಗೆಲುವಿಗೆ ಸಂತೋಷಪಡುವುದನ್ನು ಕಲಿ ಎಂದು ಚಿಕ್ಕಮ್ಮ ದಾರಿಯುದ್ದಕ್ಕೂ ಹೇಳಿದರು. ನನಗೆ ಆಗುತ್ತಿಲ್ಲ. ಮುಂದಿನ ವರ್ಷದ ವಿಷಯ ಏನು ಎಂದು ವಾಚನಾಲಯದ ಮೆಟ್ಟಿಲಲ್ಲೇ ಕೇಳಿಕೊಂಡು ಬಂದಿದ್ದೇನೆ.

ಇದು ತಪ್ಪಾ?

ನಿನ್ನ ಮಗಳು

*

ಅಕ್ಟೋಬರ್ 8

ಮಗಳೇ,

ನಿನ್ನ ಪತ್ರವನ್ನು ಬಟ್ಟೆಕೋಣೆಯಲ್ಲಿ ನಿಂತುಕೊಂಡೇ ಓದಿದೆ. ಆ ತೀರ್ಪುಗಾರ ಹುಟ್ಟಿದಾಗಲೇ ಕುರ್ಚಿಯ ಮೇಲೆ ಕೂತಿದ್ದಿರಬೇಕು. ಚಾಪೆಯಿಂದ ತಲೆಯೆತ್ತಿ ಯಾರ ಜಾಗವನ್ನೂ ಬಯಸಿ ನೋಡಿದವನಲ್ಲ, ಅವನ ಮಾತನ್ನು ಗಾಳಿಗೆ ಬಿಡು. ಸೀರೆಯ ಚಿಂತೆಯೂ ಬೇಡ, ಅದನ್ನು ಉಟ್ಟುಕೊಂಡು ಭಾನುವಾರ ಅಲ್ಲಿಗೆ ಬರುತ್ತಿದ್ದೇನೆ. ನಿನ್ನ ಚಿಕ್ಕಮ್ಮನಿಗೆ ಬೇರೆ ಕಾಗದ ಬರೆದಿದ್ದೇನೆ. ಕಾಗುಣಿತವನ್ನು ನಿಮ್ಮಪ್ಪನಿಂದ ಎರಡೆರಡು ಸಲ ನೋಡಿಸಿದ್ದೇನೆ.

ಎರಡು ವರ್ಷದಿಂದ ನನಗೊಂದು ಭಯವಿತ್ತು, ನಿಮ್ಮಪ್ಪನಿಗೂ ಹೇಳಿರಲಿಲ್ಲ. ರಜೆಗೆ ಬಂದಾಗ ನೀನು ಲೋಟ ಹಿಡಿಯುವುದು ಅವಳ ಹಾಗೆ. ಸುಮ್ಮನೆ ಕೂತಾಗ ಗಲ್ಲಕ್ಕೆ ಬೆರಳು ಒತ್ತಿಕೊಳ್ಳುವುದು ಅವಳ ಹಾಗೆ. ನನ್ನದು ಅಂತ ಏನಾದರೂ ಉಳಿದಿದೆಯೇ ಎಂದು ನೀನು ನಿದ್ದೆ ಮಾಡುವಾಗ ಮುಖ ಹುಡುಕುತ್ತಿದ್ದೆ. ಸಿಗುತ್ತಿರಲಿಲ್ಲ.

ಮುಂದಿನ ಬೆಂಚಿನವಳ ವಾಕ್ಯ ಕೇಳಿ ಹೊಟ್ಟೆ ಧಗಧಗ ಉರಿಯಿತು ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಅದು ನನ್ನದು.

ತಪ್ಪಲ್ಲ ಮಗಳೇ. ಉರಿಯಲಿ. ಆ ಹುಡುಗಿಯನ್ನು ಕೇಳಿ ಅವಳ ಪ್ರಬಂಧವನ್ನು ಮನೆಗೆ ತಂದು, ಎಲ್ಲೆಲ್ಲಿ ನಿನಗಿಂತ ಚೆನ್ನಾಗಿ ಬರೆದಿದ್ದಾಳೆ ಎಂದು ಕೂತು ನೋಡು.

ಈ ಪತ್ರವನ್ನು ನಿನ್ನ ಚಿಕ್ಕಮ್ಮನಿಗೆ ಓದಿ ಹೇಳು. 'ಅದು ನನ್ನದು' ಎಂಬಲ್ಲಿ ಸ್ವಲ್ಪ ಗಟ್ಟಿಯಾಗಿ ಓದು.

ನಿನ್ನ ಅಮ್ಮ